ಹಿಪ್ಪೆ ಮರದ ಮಂಗಳ

ನಿನ್ನೆ ಸಂಜೆ ತಾರಸಿಯ ಮೇಲೆ ಒಣಗಿದ ಸಂಡಿಗೆಯನ್ನು ಡಬ್ಬಿಗೆ ತುಂಬುತ್ತಿದ್ದೆ. ಹಿಂದಿನ ಬೀದಿಯ ಮೊಬೈಲ್ ಟವರಿನ ತುದಿಯಲ್ಲಿ ಕೆಂಪು ದೀಪ ಹತ್ತಿತು. ನನ್ನ ಕೈ ತಾನಾಗಿ ಮುಗಿದುಕೊಂಡಿತು. ನೆರವಿಗೆ ಬಂದಿದ್ದ ಎದುರು ಮನೆಯ ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿದಳು. ಅವಳಿಗೆ ಕೊಡಲಾಗದ ಎಕ್ಸ್‌ಪ್ಲನೇಷನ್ ನಿಮಗಾದರೂ ಕೊಡುತ್ತೇನೆ, ಕೂತುಕೊಳ್ಳಿ.

ಐವತ್ತರ ದಶಕದ ಮಾತು. ಮೈಸೂರಿನ ಕಾನ್ವೆಂಟಿನಲ್ಲಿದ್ದೆ. ಹನ್ನೆರಡು ವರ್ಷ, ಎರಡು ಜಡೆ, ಜಂಬ ಮಾತ್ರ ನಾಲ್ಕು ಜನಕ್ಕಾಗುವಷ್ಟು. ಮಾಘಮಾಸದಲ್ಲಿ ಹಾಸ್ಟೆಲ್ಲಿಗೆ ಮಂಗನಬಾವು ಹಬ್ಬಿ ನಮ್ಮನ್ನೆಲ್ಲ ಮನೆಗಟ್ಟಿದರು. ನಾನು ಹುಣಸೂರಿನಾಚೆ ಅಜ್ಜಿಯ ಹಳ್ಳಿಗೆ ಬಂದಿಳಿದೆ, ಕಂಕುಳಲ್ಲಿ ಸಿಸ್ಟರ್ ಕೊಟ್ಟ ರಟ್ಟಿನ ಸ್ಟಾರ್ ಚಾರ್ಟ್ ಇಟ್ಟುಕೊಂಡು.

ಆ ಆಕಾಶವನ್ನು ಹೇಗೆ ಹೇಳಲಿ? ಒಕ್ಕಣೆ ಮುಗಿದ ಕಣದಲ್ಲಿ ಚಾಪೆ ಹಾಸಿ ಮಲಗಿದರೆ ಬೆನ್ನಿಗೆ ಸಗಣಿ ಸಾರಿಸಿದ ನೆಲದ ತಂಪು, ಮೂಗಿಗೆ ಮಾವಿನ ಹೂವಿನ ಘಮ, ಮೇಲೆ ಚೆಲ್ಲಾಪಿಲ್ಲಿ ನಕ್ಷತ್ರ. ನಾನು ಓರಾಯನ್ ನಕ್ಷತ್ರಪುಂಜ ತೋರಿಸಿದರೆ ಅಜ್ಜಿಗೆ ಅದು ನಡುಪಟ್ಟಿ ಬಿಗಿದು ಜಗಳಕ್ಕೆ ನಿಂತ ಪಟೇಲರಂತೆ ಕಾಣುತ್ತಿತ್ತು. ಈಗ ನೋಡಿದರೆ ನನಗೂ ಪಟೇಲರೇ ಕಾಣುತ್ತಾರೆ.

ಸಿಸ್ಟರ್ ಹೇಳಿಕೊಟ್ಟಿದ್ದು ಸಿಂಪಲ್: ಮಿಣುಕಿದರೆ ಸ್ಟಾರ್, ಮಿಣುಕದಿದ್ದರೆ ಪ್ಲಾನೆಟ್, ಕೆಂಪಗಿದ್ದರೆ ಮಾರ್ಸ್. ಇದನ್ನು ಕೇಳಿದ್ದೇ ಅಜ್ಜಿ ಕೆರೆಯಾಚೆಯ ದಿಬ್ಬದತ್ತ ಬೆರಳು ಮಾಡಿದಳು.

"ಅಂಗಾದ್ರೆ ಅಲ್ಲಿ ಕೆಂಪಗೆ ಕುಂತಿರೋದು ಯಾರೇ?"

ಮಿಣುಕುತ್ತಿರಲಿಲ್ಲ. ಕೆಂಪಗಿತ್ತು. "ಮಾರ್ಸ್ ಅಜ್ಜಿ, ಅಂದರೆ ಮಂಗಳ," ಎಂದೆ.

ಅಜ್ಜಿ ಎದ್ದು ಕೂತಳು. ಮನೆಯಲ್ಲಿ ಆಗ ಮಂಗಳನದೇ ಕಾಟ. ನನ್ನಮ್ಮನ ತಂಗಿ ಗೌರಿ ಚಿಕ್ಕಮ್ಮನ ಜಾತಕದಲ್ಲಿ ಕುಜದೋಷ. ಪಿರಿಯಾಪಟ್ಟಣದ ಮೇಷ್ಟ್ರೊಬ್ಬರು ಅವಳನ್ನು ನೋಡಿ ಮೆಚ್ಚಿ, ಶಿವರಾತ್ರಿಯೊಳಗೆ ಉತ್ತರ ಕೇಳಿದ್ದರು. ಚಿಕ್ಕಮ್ಮನಿಗೂ ಮನಸ್ಸಿತ್ತು, ಆ ವಾರವೆಲ್ಲ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದಳು. ಅಜ್ಜಿ ಮಾತ್ರ ಬೇಡವೆಂದು ಹಠ ಹಿಡಿದಿದ್ದಳು.

"ನನ್ ಮಗಳ ತಲೆ ಮೇಲೆ ಕುಂತಿರೋನು ಇವ್ನೇನಾ? ತನ್ನ ವಾರದ ದಿನ ತಾನಾಗೇ ಎದ್ದೋಗ್ಲಿ, ಮೇಷ್ಟ್ರಿಗೆ ಊಂ ಅಂತೀನಿ," ಎಂದಳು, ಇಡೀ ಮನೆಗೆ ಕೇಳುವಂತೆ.

ಅಂದಿನಿಂದ ದಿನಾ ಸಂಜೆ ದಿಬ್ಬದತ್ತ ಆರತಿ. ಆರತಿಯಾದ ಕೂಡಲೇ ಮಂಗಳ ಒಂದು ಗೇಣು ಮೇಲೆದ್ದು ಮತ್ತೆ ಕೆಳಗಿಳಿಯುತ್ತಿದ್ದ. "ನೋಡ್ದಾ, ಮಿಸುಕ್ದ," ಎನ್ನುವಳು ಅಜ್ಜಿ. "ಅದು ಆರ್ಬಿಟ್," ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆಯುವೆ. ಸುತ್ತಲ ನಕ್ಷತ್ರಗಳೆಲ್ಲ ಮುಳುಗಿದರೂ ನನ್ನ ಮಾರ್ಸ್ ಮುಳುಗುತ್ತಿರಲಿಲ್ಲ. "ವೆರಿ ಸ್ಲೋ ಪ್ಲಾನೆಟ್" ಎಂದು ಅದನ್ನೂ ಬರೆದೆ.

ಶಿವರಾತ್ರಿಗೆ ಹತ್ತು ದಿನವಿರುವಾಗ ಕಬ್ಬು ತಿನ್ನುವ ಆಸೆಗೆ ದಿಬ್ಬ ಹತ್ತಿದೆ. ಅಲ್ಲಿ ಹಿಪ್ಪೆ ಮರದ ಮೇಲೆ ನಮ್ಮ ಆಳು ಮಾದಣ್ಣನ ಅಟ್ಟಣೆ. ಕಬ್ಬಿಗೆ ಬೀಳುವ ಹಂದಿ ಕಾಯಲು ರಾತ್ರಿಯೆಲ್ಲ ಅಲ್ಲೇ ಕೂರುತ್ತಿದ್ದ. ಕೊಂಬೆಯಲ್ಲಿ ಮಸಿ ಹಿಡಿದ ಲಾಟೀನು ತೂಗುತ್ತಿತ್ತು. ಅಲ್ಲಿಂದ ನಮ್ಮ ಕಣ ನೇರಕ್ಕೆ ಕಾಣುತ್ತಿತ್ತು. ನನ್ನ ಮಾರ್ಸಿಗೆ ಹಿಡಿಕೆ ಇತ್ತು.

"ಅಲ್ಲ ಕಣವ್ವ," ಎಂದ ಮಾದಣ್ಣ ತಲೆ ಕೆರೆಯುತ್ತ, "ಅಮ್ಮಾವ್ರು ಯಾಕ್ ದಿನಾ ನಂಗೆ ಆರ್ತಿ ಬೆಳಗ್ತಾರೆ? ನಾಚ್ಕೆ ಆಯ್ತದೆ. ಸುಮ್ನಿರೋಕಾಗಲ್ಲ ಅಂತ ನಾನೂ ಲಾಟೀನ್ ಎತ್ತಿ ತೋರುಸ್ತೀನಿ. ಈಗೀಗ ಮಿಂದ್ಕಂಡೇ ಮರ ಅತ್ತೋದು."

ನಿಜ ಹೇಳಿದರೆ ಕಾನ್ವೆಂಟಿನ ಮರ್ಯಾದೆ ಹೋಗುತ್ತಿತ್ತು. ಹೇಳದಿದ್ದರೆ ಚಿಕ್ಕಮ್ಮನ ಮದುವೆ. ಕೊಂಬೆಗೆ ಕಟ್ಟಿದ ಗ್ರಹ ತಾನಾಗಿ ಎದ್ದು ಹೋಗುವುದೆಲ್ಲಿಗೆ? ನಾನು, ನಾಚಿಕೆಯಾಗುತ್ತದೆ ಹೇಳಲು, ಮರ್ಯಾದೆಯನ್ನೇ ಉಳಿಸಿಕೊಂಡೆ. ಚಿಕ್ಕಮ್ಮನ ಮುಖ ನೋಡಲಾಗದೆ ಊಟಕ್ಕೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದೆ.

ಶಿವರಾತ್ರಿಗೆ ಮುಂಚಿನ ಕೊನೆಯ ಮಂಗಳವಾರ ಬಂತು. ಕತ್ತಲಾಯಿತು. ಆಕಾಶದಲ್ಲಿ ಪಟೇಲರು ಬಂದು ನಿಂತರು. ದಿಬ್ಬದ ಮೇಲೆ ಏನೂ ಇಲ್ಲ.

"ಹೋದ," ಎಂದಳು ಅಜ್ಜಿ, ಶಾಂತವಾಗಿ. "ಮೇಷ್ಟ್ರಿಗೆ ಕಾಗ್ದ ಬರೀರಿ."

ಬುಧವಾರ ಕೆಂಪು ದೀಪ ಮತ್ತೆ ಹಾಜರ್. ನಾನು ಅಜ್ಜಿಯತ್ತ ನೋಡಿದೆ. ಅಜ್ಜಿ ತಲೆಯೆತ್ತದೆ, "ಮದ್ವೆ ಊಟಕ್ಕೆ ಬಂದವ್ನೆ, ಬುಡು," ಎಂದಳು.

ಮಾದಣ್ಣನ ಸೀಮೆಎಣ್ಣೆ ಮುಗಿದಿರಬೇಕು, ಪ್ಯೂರ್ ಲಕ್ ಎಂದುಕೊಂಡು ಆ ಗುಟ್ಟನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ನಿನ್ನೆ ಟವರಿಗೆ ಕೈಮುಗಿದ ಮೇಲೆ ತಡೆಯಲಾಗಲಿಲ್ಲ. ಪಿರಿಯಾಪಟ್ಟಣಕ್ಕೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಚಿಕ್ಕಮ್ಮ, ಅದು ಲಾಟೀನು."

ಆ ಕಡೆ ಬಹಳ ಹೊತ್ತು ಬರೀ ನಗು, ನಡುವೆ ಕೆಮ್ಮು.

"ಗೊತ್ತು ಕಣೇ. ಆರ್ಸು ಅಂತ ಮಾದಣ್ಣಂಗೆ ಎಂಟು ಕಜ್ಜಾಯ ಕೊಟ್ಟು ಬಂದೋಳು ನಾನೇ."

"ಪಾಪ ಅಜ್ಜಿ, ಮೋಸಹೋದಳು."

"ಯಾವ ಅಜ್ಜಿ? ಕಜ್ಜಾಯ ಕಟ್ಟಿಕೊಟ್ಟಿದ್ದೇ ಅವಳು. ಹಠ ಹಿಡಿದಾಗಿತ್ತು, ಕೆಳಗಿಳಿಯೋಕೆ ಒಂದು ಏಣಿ ಬೇಕಿತ್ತು. ಮಗೂಗೆ ಮಾತ್ರ ಹೇಳ್ಬೇಡ, ಪಾಪ ಅಷ್ಟು ಓದವ್ಳೆ, ನೊಂದ್ಕತಾಳೆ ಅಂದ್ಳು."

ಫೋನ್ ಇಟ್ಟು ಮತ್ತೆ ತಾರಸಿ ಹತ್ತಿದೆ. ಟವರಿನ ದೀಪ ಕೆಂಪಗಿತ್ತು, ಮಿಣುಕುತ್ತಿರಲಿಲ್ಲ. ಎದುರು ಮನೆಯ ಹುಡುಗಿ ಇನ್ನೂ ಅಲ್ಲೇ ನಿಂತಿದ್ದಳು. "ಅಜ್ಜಿ, ಅದು ಟವರ್ ಲೈಟು," ಎಂದಳು, ಮೆಲ್ಲಗೆ, ನನಗೆ ನೋವಾಗದ ಹಾಗೆ.

"ಹೌದಾ ಮಗು?" ಎಂದೆ. ಅವಳಿಗೆ ಎರಡು ಸಂಡಿಗೆ ಕೊಟ್ಟೆ.