ಖಂಡೆ ಪೂಜೆಯ ದಿನ ಕೆಳಗಿಟ್ಟ ಲ್ಯಾಪ್‌ಟಾಪು

ದಾಂಡೇಲಿ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಬರುವ ಗಿರಾಕಿಗಳು ಏನೇನೋ ಕೇಳುತ್ತಾರೆ. ಸಿನಿಮಾ ಚೆನ್ನಾಗಿ ಕಾಣುತ್ತದೆಯೇ, ಆಟ ಸಲೀಸಾಗಿ ಓಡುತ್ತದೆಯೇ, ಗ್ಯಾರಂಟಿ ಎಷ್ಟು ವರ್ಷ. ಹಳಿಯಾಳದಿಂದ ಬಂದ ರಾಜಶ್ರೀ ಕೇಳಿದ್ದು, ಈ ಲ್ಯಾಪ್‌ಟಾಪನ್ನು ಎತ್ತಿಕೊಂಡು ಒಂದು ಸಲ ಓಡಿ ನೋಡಲೇ ಎಂದು. ಕೌಂಟರಿನ ಹಿಂದಿದ್ದ ಶೈಲಶ್ರೀ ಎಂಬ ಹುಡುಗಿಗೆ ನಗು ಬಂತು. ಎದುರಿಗಿದ್ದ ಹೆಂಗಸಿನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲವಾದ್ದರಿಂದ ಅವಳೂ ನಗು ನುಂಗಿಕೊಂಡಳು.

ಓಡಿಯೇ ನೋಡಿದಳು ಮಹಾತಾಯಿ. ಒಂದೊಂದನ್ನೂ ಬಲಗಂಕುಳಲ್ಲಿ ಅವುಚಿಕೊಂಡು ಅಂಗಡಿಯ ಹಿಂಬದಿಯ ಮೆಟ್ಟಿಲು ಹತ್ತಿ ಇಳಿದಳು. ಆಮೇಲೆ ಗೋದಾಮಿನ ಬಾಗಿಲ ಒಳಗೆ ನಿಂತು, ಲ್ಯಾಪ್‌ಟಾಪು ಕಂಕುಳಲ್ಲಿ ಇದ್ದಂತೆಯೇ ಎಡಗೈಯಿಂದ ಚಿಲಕ ಹಾಕಲು ಆಗುತ್ತದೋ ಇಲ್ಲವೋ ನೋಡಿದಳು. ದೊಡ್ಡ ಪರದೆಯದು ಜಾರಿತು. ಕಬ್ಬಿಣದಷ್ಟು ಗಟ್ಟಿ ಎಂದು ಶೈಲಶ್ರೀ ಹೊಗಳಿದ್ದು ಭುಜಕ್ಕೆ ಭಾರವಾಯಿತು. ಗುಂಡಿ ಒತ್ತಿದರೆ ಸದ್ದು ಎಷ್ಟು ಬರುತ್ತದೆ ಎಂದು ಕಿವಿಯಿಟ್ಟು ಕೇಳಿದಳು. ಕರೆಂಟಿಲ್ಲದೆ ಒಂದು ಹಗಲು ಪೂರ್ತಿ ನಡೆಯಬೇಕು ಅಂದಳು. ಮೊಬೈಲಿನ ಚಾರ್ಜರೇ ಇದಕ್ಕೂ ಸಾಕೇ ಎಂದಳು. ಕೊನೆಗೆ ಅವಳ ಕೈಗೆ ಒಗ್ಗಿದ್ದು ಒಂದು ಕಿಲೋಗೂ ಇಪ್ಪತ್ತು ಗ್ರಾಮು ಕಡಿಮೆ ತೂಗುವ, ಶಾಲೆಯ ಪಾಟಿಯಷ್ಟು ತೆಳ್ಳಗಿನ ಒಂದು ಬೂದು ಬಣ್ಣದ ಯಂತ್ರ. ಅದರ ಜೊತೆ ಬಿಟ್ಟಿಯಾಗಿ ಬರುವ ಹೆಗಲ ಚೀಲವನ್ನು ಶೈಲಶ್ರೀ ಮುಂದಿಟ್ಟಾಗ ಬೇಡ ಎಂದು ಹಿಂದಕ್ಕೆ ತಳ್ಳಿದಳು. ಪುಕ್ಕಟೆ ಕೊಟ್ಟದ್ದನ್ನು ಬೇಡ ಅನ್ನುವ ಗಿರಾಕಿಯನ್ನು ಆ ಹುಡುಗಿ ಅದೇ ಮೊದಲು ನೋಡಿದ್ದು.

ಬೇಡ ಅನ್ನಲು ಕಾರಣವಿತ್ತು. ರಾಜಶ್ರೀ ಹಳಿಯಾಳದ ಕೋರ್ಟಿನ ಎದುರು ಹುಣಸೆ ಮರದ ಕೆಳಗೆ ಕೂತು ಅರ್ಜಿ ಟೈಪು ಮಾಡುವವಳು. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಮೊದಲು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಗುರುವಾರ ಜೋಯಿಡಾ ತಹಸೀಲ್ದಾರ ಕಚೇರಿ, ಸಂತೆಯ ದಿನ ಮುಂಡಗೋಡ. ಕುಂಬಾರವಾಡದ ಕಡೆಯಿಂದ ಇರುವ ಒಂದೇ ಬಸ್ಸಿಗೆ ಬಂದವರು ಅದೇ ಬಸ್ಸಿಗೆ ಮರಳಬೇಕು, ಅಷ್ಟರೊಳಗೆ ಅವರ ಕಾಗದ ತಯಾರಾಗಬೇಕು. ಜಮೀನಿನ ತಕರಾರು, ಪಡಿತರ ಚೀಟಿ ಎಲ್ಲವನ್ನೂ ಬರೆಯುತ್ತಿದ್ದಳು. ಆದರೆ ಅವಳ ಹತ್ತಿರ ಹೆಚ್ಚಾಗಿ ಬರುತ್ತಿದ್ದವರು ಗಂಡನ ಕೈಯಲ್ಲಿ ಹೊಡೆತ ತಿಂದ ಹೆಂಗಸರು. ಗಂಡಸು ಟೈಪಿಸ್ಟನ ಮುಂದೆ ಸೆರಗು ಸರಿಸಿ ಬಾಸುಂಡೆ ತೋರಿಸುವುದು ಹೇಗೆ? ರಾಜಶ್ರೀಯ ಮುಂದೆ ತೋರಿಸುತ್ತಿದ್ದರು. ಅವಳು ಯಾವ ಬದಿ, ಎಷ್ಟು ಉದ್ದ, ಯಾವ ವಸ್ತುವಿನಿಂದ ಎಂದೆಲ್ಲ ಕೇಳಿ ಬರೆಯುತ್ತಿದ್ದಳು. ಅದನ್ನೆಲ್ಲ ಅವಳಿಗೆ ಯಾರೂ ಕಲಿಸಿರಲಿಲ್ಲ, ಅವಳ ಮೈಮೇಲೂ ಅಂಥವೇ ಇದ್ದವು.

ಅವಳ ಗಂಡ ರುದ್ರೇಶ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಹಮಾಲರ ಗುಂಪಿನ ಮುಖಂಡ. ಆರಡಿ ಆಳು, ಊರಿಗೆಲ್ಲ ಬಹಳ ಒಳ್ಳೆಯವನು. ಯಾರ ಮನೆಯಲ್ಲಿ ಸಾವಾದರೂ ಕುಣಿ ತೋಡಲು ಮೊದಲು ಹೋಗುವವನು ಅವನೇ. ಅಂಥ ಒಳ್ಳೆಯವನು ಮನೆಯ ಹೊಸ್ತಿಲು ದಾಟಿದ ಕೂಡಲೇ ಏನಾಗುತ್ತಿದ್ದನೋ, ಅದನ್ನು ಹೇಳಲು ನನಗೆ ಬಾಯಲ್ಲಿ ಕೆಟ್ಟ ಮಾತೇ ಬರುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಏಟು, ಕಡಿಮೆಯಾದರೆ ಒಂದು. ಉಪ್ಪು ಸರಿಯಿದ್ದ ದಿನ, ಮುಖ ಯಾಕೆ ಹಾಗೆ ಮಾಡಿದೆ ಎಂದು ಒಂದು.

ಹೆಗಲ ಚೀಲದ ಕಥೆ ಅಂಗಡಿಗೆ ಹೋದ ದಿನಕ್ಕಿಂತ ಒಂದು ವರ್ಷ ಹಿಂದಿನದು. ಅವಳ ಮೊದಲ ಲ್ಯಾಪ್‌ಟಾಪು ಯಾರೋ ಬಳಸಿ ಬಿಟ್ಟದ್ದು, ಚಾರ್ಜರು ಸೇರಿ ಮೂರು ಕಿಲೋ. ಒಂದು ಬೆಳಿಗ್ಗೆ ಅದನ್ನು ಹೆಗಲಿಗೆ ಅಡ್ಡಹಾಕಿಕೊಂಡು ಹೊರಬಿದ್ದವಳ ಹಿಂದೆ ರುದ್ರೇಶ ಬಂದು ಚೀಲದ ಪಟ್ಟಿಗೆ ಕೈ ಹಾಕಿ ಜಗ್ಗಿದ. ಪಟ್ಟಿ ಕುತ್ತಿಗೆಗೆ ಸಿಕ್ಕಿ, ಅವಳು ಮಗ್ಗುಲಾಗಿ ಕಟ್ಟೆಯ ಕಲ್ಲಿನ ಮೇಲೆ ಬಿದ್ದಳು. ಎಡ ಭುಜದ ಮೇಲಿನ ಎಲುಬು ಲಟಕ್ಕನೆ ಮುರಿಯಿತು. ಆ ಸದ್ದು ಬೀದಿಯಲ್ಲಿ ಹಲ್ಲುಜ್ಜುತ್ತಿದ್ದವರಿಗೂ ಕೇಳಿಸಿತು, ಅವರು ಹಲ್ಲುಜ್ಜುವುದನ್ನು ಮುಂದುವರಿಸಿದರು. ಅವಳು ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಅವನು ಲ್ಯಾಪ್‌ಟಾಪನ್ನು ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಡಿದಂತೆ ಬಡಿದು ಮುಗಿಸಿದ್ದ.

ಹಾಗಾದರೆ ಬಿಟ್ಟು ಹೋಗಬಾರದಿತ್ತೇ ಎಂದು ಕೇಳುವ ಜಾಣರು ಎಲ್ಲ ಊರಲ್ಲೂ ಇದ್ದಾರೆ. ಮನೆ ಇದ್ದದ್ದು ಅತ್ತೆ ಮಹಾದೇವಕ್ಕನ ಹೆಸರಿನಲ್ಲಿ. ತವರಿನಲ್ಲಿ ಯಾರೂ ಉಳಿಯದ ರಾಜಶ್ರೀಗೆ ಮಹಾದೇವಕ್ಕನೇ ತಾಯಿ. ಮಗ ಹೊಡೆಯಲು ಬಂದಾಗ ಮುದುಕಿ ಅಡ್ಡ ಬಂದು ತಾನೂ ತಿನ್ನುತ್ತಿದ್ದಳು, ಆಮೇಲೆ ಇಬ್ಬರೂ ಒಬ್ಬರ ಬೆನ್ನಿಗೆ ಒಬ್ಬರು ಅರಿಸಿನ ಹಚ್ಚಿಕೊಳ್ಳುತ್ತಿದ್ದರು. ಈ ಮುದುಕಿಯನ್ನು ಅವನ ಕೈಗೆ ಒಪ್ಪಿಸಿ ತಾನು ಹೇಗೆ ಹೋಗುವುದು ಎಂಬುದೇ ಅವಳ ಉತ್ತರ. ಇಬ್ಬರ ಹೊಟ್ಟೆಯನ್ನೂ ಆ ಹುಣಸೆ ಮರದ ಕೆಳಗಿನ ಕೆಲಸವೇ ಹೊರೆಯುತ್ತಿತ್ತು. ಯಂತ್ರ ಉಳಿದರೆ ಕೆಲಸ ಉಳಿದೀತು, ಕೆಲಸ ಉಳಿದರೆ ಇಬ್ಬರೂ ಉಳಿದಾರು.

ಹೀಗಾಗಿಯೇ ಆ ಹಗುರ ಲ್ಯಾಪ್‌ಟಾಪು. ಮಹಾದೇವಕ್ಕ ಅದಕ್ಕೆ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಒಂದು ಚೀಲ ಹೊಲಿದಳು. ಪಟ್ಟಿ ಇಲ್ಲ, ಹಿಡಿಕೆ ಇಲ್ಲ, ಜಗ್ಗಲು ಏನೂ ಇಲ್ಲ. ಅಡ್ಡಕ್ಕೆ ಎರಡು ಕಸೆ, ಅವನ್ನು ಸೊಂಟಕ್ಕೆ ಬಿಗಿದು ಮೇಲೆ ಸೆರಗು ಹೊದ್ದರೆ ಬೆನ್ನಿನಲ್ಲಿ ಇದೆ ಎಂದು ಗೊತ್ತೇ ಆಗದು. ಎರಡು ವರ್ಷ ರಾಜಶ್ರೀ ಅದನ್ನು ಮೈಯಿಂದ ಕೆಳಗಿಡಲಿಲ್ಲ. ರೊಟ್ಟಿ ಬಡಿಯುವಾಗ ಬೆನ್ನಲ್ಲಿ, ನೀರು ತರುವಾಗ ಬೆನ್ನಲ್ಲಿ, ಮಲಗಿದರೆ ಹೊಟ್ಟೆಯ ಕೆಳಗೆ. ಅವನ ದನಿ ಏರಿತು ಅಂದರೆ ಅದರ ಸಮೇತ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವನು ಹೊರಗೆ ಬಾಗಿಲಿಗೆ ಒದೆಯುತ್ತಿದ್ದರೆ ಇವಳು ಒಳಗೆ ಹಂಡೆಯ ಮೇಲೆ ಯಂತ್ರವನ್ನಿಟ್ಟು ಮರುದಿನ ಬೆಳಿಗ್ಗೆ ಕೊಡಬೇಕಾದ ಅರ್ಜಿಯನ್ನು ಸದ್ದಿಲ್ಲದೆ ಮುಗಿಸುತ್ತಿದ್ದಳು. ಎರಡು ವರ್ಷದಲ್ಲಿ ಅವಳಿಗೆ ಏಟು ಬಿದ್ದವು, ಅದಕ್ಕೆ ಒಂದೂ ಬೀಳಲಿಲ್ಲ.

ಈ ವರ್ಷದ ನವರಾತ್ರಿಯ ವಾರದಲ್ಲಿ ಸಂಗತಿ ಕೆಟ್ಟಿತು. ರುದ್ರೇಶನ ಗುಂಪಿನಲ್ಲಿ ಶಿವಲಿಂಗ ಎಂಬ ಹಮಾಲನಿದ್ದ. ಹೆಂಡತಿಯ ಅಂಗಾಲಿಗೆ ಬೀಡಿಯ ಬೆಂಕಿ ಚುಚ್ಚುತ್ತಿದ್ದ ಪುಣ್ಯಾತ್ಮ. ಅವಳು ಕುಂಟುತ್ತ ಬಂದು ಹೇಳಿದ್ದನ್ನು ರಾಜಶ್ರೀ ಟೈಪು ಮಾಡಿದಳು, ನಾಲ್ಕು ದಿನಕ್ಕೆ ಶಿವಲಿಂಗನಿಗೆ ಕೋರ್ಟಿನ ನೋಟಿಸು ಹೋಯಿತು. ಅವನು ಅದನ್ನು ಡಿಪೋಗೆ ತಂದು ಎಲ್ಲರ ನಡುವೆ ರುದ್ರೇಶನ ಮುಖದ ಮುಂದೆ ಹಿಡಿದನಂತೆ. ನಿನ್ನ ಮನೆಯಲ್ಲಿ ಗಂಡಸು ಯಾರು ಎಂದು ಕೇಳಿದನಂತೆ. ಉಳಿದವರು ನಕ್ಕರಂತೆ. ರುದ್ರೇಶ ಮನೆಗೆ ಬಂದು ಯಾರಿಗೂ ಏನೂ ಅನ್ನಲಿಲ್ಲ, ಎರಡು ದಿನ ಕೈಯನ್ನೂ ಎತ್ತಲಿಲ್ಲ. ಅದು ಹೊಡೆತಕ್ಕಿಂತ ಕೆಟ್ಟದ್ದು ಎಂದು ರಾಜಶ್ರೀಗೆ ಗೊತ್ತಾಗಬೇಕಿತ್ತು. ಆದರೆ ಅಷ್ಟರಲ್ಲಿ ಖಂಡೆ ಪೂಜೆ ಬಂತು.

ಖಂಡೆ ಪೂಜೆ ಎಂದರೆ ದಸರೆಯ ಹಿಂದಿನ ದಿನ. ಮನೆಗೆ ಅನ್ನ ಹಾಕುವ ಆಯುಧ, ಸಲಕರಣೆ ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಹೂವು ಏರಿಸಿ ಪೂಜೆ ಮಾಡುವುದು. ಇಟ್ಟ ಮೇಲೆ ಮರುದಿನ ಬನ್ನಿ ಹಂಚುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಕುಡಗೋಲು ಹುಲ್ಲು ಕೊಯ್ಯುವುದಿಲ್ಲ, ಕೊಡಲಿ ಕಟ್ಟಿಗೆ ಒಡೆಯುವುದಿಲ್ಲ. ಎಂಥ ಮೂರ್ಖನಾದರೂ ಆ ದಿನ ಆಯುಧಕ್ಕೆ ಕೈ ಹಚ್ಚುವುದಿಲ್ಲ. ಹಿಂದೆಲ್ಲ ಟೈಪ್‌ರೈಟರು ಆ ಕಂಬಳಿಯ ಮೇಲೆ ಕೊಡಲಿಯ ಪಕ್ಕದಲ್ಲೇ ಕೂತಿತ್ತು, ಕುಡಿದು ಬಂದ ರುದ್ರೇಶ ಕೂಡ ಅದನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಕಳೆದ ವರ್ಷ ಸೂತಕವಿದ್ದು ಪೂಜೆಯೇ ಆಗಿರಲಿಲ್ಲ. ಈ ಸಲ ಮಹಾದೇವಕ್ಕ ಬಿಡಲಿಲ್ಲ.

“ನಮಗ ಅನ್ನಾ ಹಾಕೂದು ಅದ, ಅದನ್ನ ಬಿಟ್ಟು ಪೂಜಿ ಹೆಂಗ ಮಾಡೂದು? ಒಂದ ದಿನಾ ಕೆಳಗ ಇಡವ್ವಾ. ನಿನ್ನ ಬೆನ್ನಿಗೂ ಒಂದ ದಿನಾ ಸುಟಿ ಸಿಗಲಿ,” ಅಂದಳು.

ರಾಜಶ್ರೀ ಕಸೆ ಬಿಚ್ಚಿದಳು. ಯಾವ ಬಾಗಿಲು, ಯಾವ ಚಿಲಕ, ಯಾವ ಹೆಜ್ಜೆಯ ಸದ್ದು ಎಂದು ಎಲ್ಲವನ್ನೂ ಲೆಕ್ಕ ಹಾಕಿ ಬದುಕಿದ ಹೆಂಗಸು, ಅಂದು ಮಾತ್ರ ಲೆಕ್ಕವನ್ನು ದೇವರಿಗೆ ಬಿಟ್ಟಳು. ಅವಳ ನಂಬಿಕೆಗೆ ಆಧಾರವೂ ಇತ್ತು. ಬೆಳಿಗ್ಗೆ ರುದ್ರೇಶನೇ ಸ್ನಾನ ಮಾಡಿ ತನ್ನ ಕೊಡಲಿಯನ್ನು ತಂದಿಟ್ಟು ಕೈ ಮುಗಿದಿದ್ದ. ಕುಡಗೋಲು, ಹಾರೆ, ಕೊಡಲಿ, ಅವುಗಳ ನಡುವೆ ಚೆಂಡು ಹೂ ಮುಡಿದ ಲ್ಯಾಪ್‌ಟಾಪು. ಅವಳ ಬೆನ್ನು ಅಂದು ಎಷ್ಟು ಹಗುರವಾಗಿತ್ತು ಅಂದರೆ, ಎರಡು ಸಲ ಗಾಬರಿಯಾಗಿ ಹಿಂದೆ ಮುಟ್ಟಿ ನೋಡಿಕೊಂಡಳು.

ಡಿಪೋದ ಪೂಜೆ ಮುಗಿಸಿ, ಅಲ್ಲಿಯ ಸಾರಾಯಿ ಏರಿಸಿಕೊಂಡು ರುದ್ರೇಶ ಬಂದದ್ದು ಬಿಸಿಲು ಇಳಿಯುವ ಮುಂಚೆ. ಚಪ್ಪಲಿ ಬಿಡಲಿಲ್ಲ. ಸೀದಾ ಕಂಬಳಿಯ ಹತ್ತಿರ ಹೋದ. ಮಹಾದೇವಕ್ಕ, ಚಪ್ಪಲಿ ಎಂದು ಬಾಯಿ ತೆರೆಯುವುದರೊಳಗೆ ಕೊಡಲಿ ಅವನ ಕೈಯಲ್ಲಿತ್ತು. ಯಾರಿಗೂ ಅಲುಗಾಡಲು ಆಗಲಿಲ್ಲ, ಆ ದಿನ ಆ ವಸ್ತು ನೆಲದಿಂದ ಮೇಲೇಳುತ್ತದೆ ಎಂಬುದೇ ಅವರ ಕಣ್ಣಿಗೆ ನಂಬಿಕೆಯಾಗಲಿಲ್ಲ. ಹಗುರ ಯಂತ್ರ, ಒಂದೇ ಏಟಿಗೆ ನಡುವೆ ಸೀಳಿತು. ಎರಡನೆಯದಕ್ಕೆ ಗುಂಡಿಗಳು ಜೋಳ ಚೆಲ್ಲಿದಂತೆ ಪಡಸಾಲೆಯ ತುಂಬ ಹಾರಿದವು. ಶಿವಲಿಂಗನ ಹೆಂಡತಿಯ ಕಾಗದ, ಇನ್ನೂ ಏಳೆಂಟು ಹೆಂಗಸರ ಅರ್ಧ ಬರೆದ ಅರ್ಜಿಗಳು ಅದರೊಳಗೇ ಹೋದವು.

ಆಮೇಲೆ ಅವನು ಕೊಡಲಿಯ ಸಮೇತ ಹೆಂಡತಿಯ ಕಡೆ ತಿರುಗಿದ.

“ಇನ್ನ ಯಾವದರಾಗ ಬರೀತಿ ಬರಿ,” ಅಂದ.

ಎತ್ತಿದ ಕೊಡಲಿಯ ಕೆಳಗೆ ಮಹಾದೇವಕ್ಕ ನುಗ್ಗಿದಳು. ಕೊಡಲಿಯ ಹರಿತದ ಬಾಯಿ ಕೆಳಗಿದ್ದಿದ್ದರೆ ಕೈ ತುಂಡಾಗಿ ಬೀಳುತ್ತಿತ್ತು. ಹಿಂಬದಿಯ ಕಬ್ಬಿಣ ಮುದುಕಿಯ ಬಲ ಮುಂಗೈಗೆ ಬಡಿದು ಎಲುಬು ಚರ್ಮ ಹರಿದುಕೊಂಡು ಹೊರಗೆ ಬಂತು. ಅವಳು ಕೂಗಲೂ ಇಲ್ಲ, ಕಂಬಳಿಯ ಮೇಲೆ ಕುಸಿದು ಕೂತಳು.

ಎರಡು ವರ್ಷ ರಾಜಶ್ರೀ ಓಡಿದ್ದಳು. ಓಡಲು ಕಾರಣವೊಂದು ಬೆನ್ನ ಮೇಲಿತ್ತು. ಈಗ ಅದು ಚೂರಾಗಿ ಬಿದ್ದಿತ್ತು, ಕಾಪಾಡಿಕೊಳ್ಳಬೇಕಾದ ಮುದುಕಿ ರಕ್ತದಲ್ಲಿ ಕೂತಿದ್ದಳು. ಬಚ್ಚಲಿನ ಬಾಗಿಲು ತೆರೆದೇ ಇತ್ತು, ಅವಳು ಆ ಕಡೆ ನೋಡಲೂ ಇಲ್ಲ. ಬಗ್ಗಿ ಹಾರೆಯನ್ನು ಎತ್ತಿದಳು. ಅದು ಹತ್ತು ಲ್ಯಾಪ್‌ಟಾಪಿನ ಭಾರ, ಮುರಿದು ಕೂಡಿದ್ದ ಎಲುಬು ಚುರುಗುಟ್ಟಿತು. ಎರಡೂ ಕೈಯಲ್ಲಿ ಬೀಸಿ ಅವನ ಬಲ ಮೊಣಕಾಲಿಗೆ ಇಳಿಸಿದಳು. ಆರಡಿ ಆಳು ಮೊಣಕಾಲೂರಿದ. ಕೊಡಲಿ ಕೈತಪ್ಪಿತು. ಅವನು ಅದಕ್ಕಾಗಿ ತಡಕಾಡುವಾಗ ಇನ್ನೊಂದು ಕಾಲಿಗೆ ಕೊಟ್ಟಳು. ಅವನು ಅವ್ವಾ ಎಂದು ಕೂಗಿದ. ಯಾರ ಕೈ ಮುರಿದಿದ್ದನೋ ಅವಳನ್ನೇ ಕರೆದ, ನಾಚಿಕೆಗೆಟ್ಟವನು.

ಮೂರನೆಯ ಸಲ ಹಾರೆ ಎತ್ತಿದಾಗ ಅದರ ಮೊನೆ ಅವನ ತಲೆಯ ನೇರಕ್ಕಿತ್ತು. ಹೌದು, ಅವಳಿಗೆ ಕೊಲ್ಲಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ಅವಳಿಗೆ ಅಷ್ಟೊಂದು ಸಮಾಧಾನವಿತ್ತು.

“ರಾಜಿ, ನನ್ನ ಕೈ ನೋಡವ್ವಾ,” ಎಂದಳು ಮಹಾದೇವಕ್ಕ, ಬಹಳ ಸಣ್ಣ ದನಿಯಲ್ಲಿ.

ರಾಜಶ್ರೀ ಹಾರೆ ಬಿಟ್ಟು ಅತ್ತೆಯ ಹತ್ತಿರ ಹೋದಳು.

ಮರುದಿನ ಊರೆಲ್ಲ ಬನ್ನಿ ಹಂಚುತ್ತಿತ್ತು. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಹಾದೇವಕ್ಕನ ಕೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ರುದ್ರೇಶ ಗಂಡಸರ ವಾರ್ಡಿನಲ್ಲಿ ಎರಡೂ ಕಾಲು ಕಟ್ಟಿಸಿಕೊಂಡು ಪೊಲೀಸರ ಕಾವಲಿನಲ್ಲಿ ಮಲಗಿದ್ದ. ಹೇಳಿಕೆ ಬರೆದುಕೊಳ್ಳಲು ಸುನಂದಾ ಎಂಬ ಮಹಿಳಾ ಹವಾಲ್ದಾರ್ ಬಂದು ಸ್ಟೂಲು ಎಳೆದುಕೊಂಡು ಕೂತಳು. ಕೊಡಲಿಯ ವಿಷಯ ಬರೆದಾಯಿತು. ನಿಮ್ಮ ಮಗನ ಕಾಲು ಮುರಿದವರು ಯಾರು ಎಂದು ಕೇಳಿದಳು.

ರಾಜಶ್ರೀ ಬಾಯಿ ತೆರೆಯುವ ಮೊದಲೇ ಮುದುಕಿ ಹೇಳಿದಳು:

“ನಾ ಮುರದೇನಿ.”

ಸುನಂದಾ ಪ್ಲಾಸ್ಟರನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಈ ಕೈಯಿಂದ ಮುರಿದಿರಾ ಎಂದು ಕೇಳಿದಳು.

“ಎಡಗೈಲೆ,” ಎಂದಳು ಮಹಾದೇವಕ್ಕ.

ಬೇರೆ ಹೊತ್ತಾಗಿದ್ದರೆ ಆ ಮೂವರಲ್ಲಿ ಒಬ್ಬರಾದರೂ ನಗುತ್ತಿದ್ದರು. ರಾಜಶ್ರೀ ಸುನಂದಾಳ ಕೈಯಿಂದ ಕಾಗದವನ್ನೂ ಪೆನ್ನನ್ನೂ ಕೇಳಿ ಇಸಿದುಕೊಂಡಳು. ಹದಿನಾಲ್ಕು ವರ್ಷ ಬೆರಳ ತುದಿಯಿಂದ ಬರೆದವಳಿಗೆ ಪೆನ್ನು ಹಿಡಿದು ರೂಢಿ ತಪ್ಪಿತ್ತು, ಅಕ್ಷರ ಸೊಟ್ಟಗೆ ಬಂದವು. ಎರಡು ಏಟು ಹಾಕಿದವಳು ತಾನು ಎಂದು ಬರೆದಳು. ಯಾವ ವಸ್ತುವಿನಿಂದ, ಯಾವ ಕಾಲಿಗೆ, ಯಾವ ಕ್ರಮದಲ್ಲಿ ಎಂದೂ ಬರೆದಳು. ಮೂರನೆಯದನ್ನು ಎತ್ತಿ ಹಾಕದೆ ಬಿಟ್ಟದ್ದನ್ನೂ ಬರೆದಳು.

ಮಹಾದೇವಕ್ಕನಿಗೆ ಸಿಟ್ಟು ಬಂತು.

“ಹುಚ್ಚಿ ಅದಿ ನೀ. ನನಗ ಅರವತ್ತೆಂಟಾತು, ಒಳಗ ಹಾಕಿದ್ರ ಎಷ್ಟ ದಿನಾ ಇಟ್ಟಾರು? ನೀ ಆ ಗಿಡದ ಬುಡಕ ಕುಂದ್ರಬೇಕು. ಆ ಹೆಣಮಕ್ಕಳು ಎಲ್ಲಿಗೆ ಹೋಗಬೇಕು?”

“ಅವರು ಹೇಳಿದ್ದನ್ನ ಖರೇ ಅಂತ ನಂಬಿ ಬರದೇನ್ರಿ ಅತ್ತಿ,” ಎಂದಳು ರಾಜಶ್ರೀ. “ನಂದ ನಾ ಸುಳ್ಳ ಬರದ್ರ ನಾಳೆ ಅವರ ಮಾತು ಯಾರು ನಂಬ್ತಾರು?”

ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗೋಡೆಯ ಆಚೆಯ ವಾರ್ಡಿನಿಂದ ಮಗ ನರಳುವುದು ಆಗಾಗ ಕೇಳಿಸುತ್ತಿತ್ತು. ಆಮೇಲೆ ಅವಳು ಈ ಕಡೆ ತಿರುಗಿ, ಕೊಡಲಿಯ ಸಂಗತಿಗೆ ಸಾಕ್ಷಿ ಯಾರು ಅಂತ ಬರೆದಿದ್ದೀರಿ ಎಂದು ಸುನಂದಾಳನ್ನು ಕೇಳಿದಳು. ಇನ್ನೂ ಯಾರ ಹೆಸರೂ ಬರೆದಿಲ್ಲ ಎಂದಾಗ ತನ್ನ ಹೆಸರು ಹಾಕಲು ಹೇಳಿದಳು. ಸುನಂದಾ ಅವಳ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ, ರುದ್ರೇಶನ ಮೇಲಿನ ದೂರಿನ ಕಾಗದದ ಕೆಳಗೆ ಒತ್ತಿಸಿಕೊಂಡಳು.