ವಿಮಾನ ಹತ್ತಿದ ಮೃದಂಗ

ಮೊನ್ನೆ ಸೊಸೆ ರವೆ ನೆನೆಸಿಟ್ಟು ಮರೆತಿದ್ದಳು. ಮುಚ್ಚಳ ತೆಗೆದಾಗ ಹುಳಿಗೆ ತಿರುಗಿದ ಹಸಿ ರವೆಯ ವಾಸನೆ ಮೂಗಿಗೆ ಬಡಿಯಿತು. ಅವಳು ಗೊಣಗುತ್ತಾ ಚೆಲ್ಲಲು ಹೋದಳು. ನನಗೆ ಮಾತ್ರ ಮೃದಂಗದ ಮಾವ ಬಂದು ಪಕ್ಕದಲ್ಲಿ ಕೂತಂತಾಯಿತು. ನುಡಿಸುವ ಮೊದಲು ಮೃದಂಗದ ಎಡಗಡೆಗೆ ಹಸಿ ರವೆ ಮೆತ್ತುತ್ತಿದ್ದರಲ್ಲ, ಅವರ ಅಂಗೈಯಲ್ಲಿ ಯಾವಾಗಲೂ ಅದೇ ವಾಸನೆ...

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರದು ಪಕ್ಕದ ಮನೆ. ರಕ್ತಸಂಬಂಧವೇನೂ ಇಲ್ಲ, ಬಾಯಿಮಾತಿಗೆ ಮಾವ. ಹಗಲೆಲ್ಲ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು, ಸಂಜೆ ನನ್ನ ಹಾಡಿಗೆ ಮೃದಂಗ ಹಿಡಿಯುತ್ತಿದ್ದರು. ಯಾರಾದರೂ ಹೊಗಳಿದರೆ ಸಿಡಿಮಿಡಿಗೊಳ್ಳುತ್ತಿದ್ದರು. "ನುಡಿಸೋವಾಗ ನನಗೆಲ್ಲಿ ಕೇಳ್ತದಪ್ಪಾ? ಒಂದ್ಸಲ ದೂರ ಕೂತ್ಕೊಂಡು ನನ್ ಕೈನ ನಾನೇ ಕೇಳ್ಬೇಕು. ಅಷ್ಟೇ ಆಸೆ" ಅನ್ನುತ್ತಿದ್ದರು.

ಸ್ವಾತಂತ್ರ್ಯ ಬಂದ ಹೊಸತು. ಬೊಂಬಾಯಿಯ ಗ್ರಾಮಫೋನ್ ಕಂಪನಿಯೊಂದು ನನ್ನ ಎರಡು ಹಾಡುಗಳನ್ನು ಪ್ಲೇಟು ಮಾಡಲು ಕರೆಯಿತು. ಮೃದಂಗಕ್ಕೆ ಮಾವನೇ ಬೇಕೆಂದೆ, ಕಂಪನಿಯವರು ಒಪ್ಪಿದರು. ರೈಲಿನಲ್ಲಿ ಹೋದರೆ ಗೊತ್ತುಮಾಡಿದ ಹೊತ್ತಿಗೆ ತಲುಪುವುದಿಲ್ಲವೆಂದು ವಿಮಾನದ ಟಿಕೆಟ್ಟನ್ನೇ ಕಳಿಸಿದರು. ಮಾವನಿಗೆ ವಿಮಾನದ ಸಂಭ್ರಮವೇನೂ ಇರಲಿಲ್ಲ. ಪ್ಲೇಟು ಬಂದರೆ ತಮ್ಮ ಕೈಯನ್ನು ತಾವು ಕೇಳಬಹುದಲ್ಲ, ಅದೊಂದೇ ಗುಂಗು.

ನೇಕಾರರ ಮನೆಯಲ್ಲಿ ಒಂದು ಪದ್ಧತಿ. ಮಗ್ಗ ಬಿಟ್ಟು ಪರವೂರಿಗೆ ಹೊರಟರೆ ಹಾಸಿನ, ಅಂದರೆ ಉದ್ದ ನೂಲಿನ, ಬಿಗಿ ಸಡಿಲಿಸಿಯೇ ಬಾಗಿಲು ಹಾಕುವುದು, ಇಲ್ಲದಿದ್ದರೆ ನೂಲು ಬಿಗಿದು ಕಡಿಯುತ್ತದೆ. ಹೊರಡುವ ಬೆಳಿಗ್ಗೆ ಮಾವ ಮಗ್ಗದ ಹಾಸು ಸಡಿಲಿಸಿದರು. ಅದೇ ಕೈಯಲ್ಲಿ ಮೃದಂಗದ ಬಾರುಗಳನ್ನೂ ಸಡಿಲಿಸಿಬಿಟ್ಟರು. "ಅಷ್ಟು ಎತ್ತರಕ್ಕೆ ಹೋಗ್ತದೆ, ಬಿಗಿಯಾಗಿದ್ರೆ ತಡೀತದಾ?" ಎಂದರು. ನನಗೂ ಅದು ಸರಿಯೆಂದೇ ಕಂಡಿತು. ವಿಮಾನ ಕಂಡವರು ನಮ್ಮ ಬೀದಿಯಲ್ಲಿ ಯಾರಿದ್ದರು, ಹೇಳಲಿಕ್ಕೆ?

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಾವನನ್ನೂ ತಕ್ಕಡಿ ಹತ್ತಿಸಿದರು, ಮೃದಂಗವನ್ನೂ ಹತ್ತಿಸಿದರು. ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದರೆ ಬಿಡಲಿಲ್ಲ, ಟ್ರಂಕುಗಳ ಜೊತೆ ಹಿಂದಕ್ಕೆ ಸಾಗಿಸಿದರು. ಕಿವಿಗೆ ಹತ್ತಿ ಕೊಟ್ಟರು. ಎಂಜಿನ್ನಿನ ಗದ್ದಲ, ಚಳಿ... ಇಳಿಯುವ ಹೊತ್ತಿಗೆ ಇಬ್ಬರೂ ಹಿಂಡಿ ಹಾಕಿದ ಬಟ್ಟೆಯಾಗಿದ್ದೆವು. ದಾರಿಯುದ್ದಕ್ಕೂ ಮಾವ ಕತ್ತು ತಿರುಗಿಸಿ ಹಿಂದಕ್ಕೇ ನೋಡುತ್ತಿದ್ದರು.

ಅಲ್ಲಿಂದ ನೇರ ಕಂಪನಿಗೆ. ಬೊಂಬಾಯಿಯ ತೇವದ ಗಾಳಿಗೆ ಸಡಿಲ ಚರ್ಮ ಇನ್ನಷ್ಟು ಜೋತುಬಿದ್ದಿತ್ತು. ನಿಧಾನವಾಗಿ ಒಂದು ದಿನ ಬಿಗಿಯಬೇಕಾದದ್ದನ್ನು ಮಾವ ಒಂದೇ ಗಳಿಗೆಯಲ್ಲಿ ಬಿಗಿಯಲು ಕೂತರು. ಬಾರು ಎಳೆದರು, ಅಂಚಿಗೆ ಕಲ್ಲಿನಿಂದ ತಟ್ಟಿದರು. ಕಂಪನಿಯವರು ಗಡಿಯಾರ ನೋಡುತ್ತಿದ್ದರು. ಶ್ರುತಿ ಇನ್ನೇನು ಸೇರಿತು ಅನ್ನುವಾಗ ಬಲಗಡೆಯ ಚರ್ಮ ಹರಿಯಿತು. ಮಾವ ಹರಿದ ಜಾಗದ ಮೇಲೆ ಅಂಗೈ ಇಟ್ಟರು. ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಕಂಪನಿಯವರು ಅಲ್ಲೇ ಹತ್ತಿರದಿಂದ ಕನ್ನಡ ಬಲ್ಲ ಯುವ ಮೃದಂಗದವನೊಬ್ಬನನ್ನು ಕರೆಸಿದರು. ಬೇರೊಬ್ಬರ ಮೃದಂಗ ಮುಟ್ಟಲು ಮಾವ ಒಪ್ಪಲಿಲ್ಲ. ಆ ಯುವಕನ ಪಕ್ಕ ಕೂತು, "ಇವನು ಚರಣದಲ್ಲಿ ಸ್ವಲ್ಪ ಓಡ್ತಾನಪ್ಪಾ, ಬಿಡ್ಬೇಡ, ಹಿಡ್ಕೋ" ಎಂದು ನನ್ನ ಹಾಡಿನ ಗುಟ್ಟುಗಳನ್ನೆಲ್ಲ ಹೇಳಿಕೊಟ್ಟರು. ನಾನು ಹಾಡಿದೆ.

ಪ್ಲೇಟು ಬಂದಾಗ ನಮ್ಮೂರಿನ ರೇಷ್ಮೆ ವ್ಯಾಪಾರಿ ಸಾಬರ ಮನೆಯ ಗ್ರಾಮಫೋನಿನಲ್ಲಿ ಹಾಕಿಸಿದೆವು. ಮಾವ ಒಳಗೆ ಬರಲಿಲ್ಲ, ಎದುರು ಜಗಲಿಯ ಆ ತುದಿಯಲ್ಲಿ ಕೂತು ಕೊನೆಯವರೆಗೂ ಕೇಳಿದರು. "ಹುಡುಗನ ಕೈ ಚೆನ್ನಾಗೈತೆ ಕಣಪ್ಪಾ" ಎಂದು ಎದ್ದು ಮಗ್ಗಕ್ಕೆ ಹೋದರು. ಕಂಪನಿಯವರು ಮತ್ತೆ ಕರೆಯಲಿಲ್ಲ. ಮುಂದೆ ಬಹಳ ವರ್ಷ ಅವರು ಬದುಕಲೂ ಇಲ್ಲ...

ಈಗ ದೇವನಹಳ್ಳಿಗೆ ಇಳಿಯುವ ವಿಮಾನಗಳು ನಮ್ಮ ತಾರಸಿಯ ಮೇಲೆ ಹಾದುಹೋಗುತ್ತವೆ. ತಲೆಯೆತ್ತಿ ನೋಡುವ ತ್ರಾಣವೂ ಇಲ್ಲ. ಮಾವನ ಕೈ ಕೇಳಿದವರಲ್ಲಿ ಉಳಿದಿರುವವನು ನಾನೊಬ್ಬನೇ. ಅದು ಹೇಗಿತ್ತೆಂದು ಯಾರಾದರೂ ಕೇಳಿದರೆ ತಟ್ಟಿ ತೋರಿಸಲು ನನಗೆ ಬರುವುದಿಲ್ಲ. ನನ್ನ ಜೊತೆಗೆ ಅದೂ ಹೋಗುತ್ತದೆ.