ಡಬ್ಬಿಯಲ್ಲಿದ್ದ ಪ್ರೋಟೀನು

ಕ್ಯಾನ್ಸರ್ ಸಂಶೋಧನೆಗೆ ಬೇಕಾದ ಒಂದು ಪ್ರೋಟೀನನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬೆಳಗಾವಿಯಿಂದ ಧಾರವಾಡಕ್ಕೆ ಹೊರಟಿದ್ದೆ. ಮನುಷ್ಯರ ಜೀವಕೋಶದ ಮೇಲಿದ್ದು ಔಷಧ ಬಂದು ಅಂಟಿಕೊಳ್ಳುವ ರಿಸೆಪ್ಟರನ್ನೇ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅದು. ಕಿತ್ತೂರಿನಲ್ಲಿ ಬಸ್ಸು ಕೆಟ್ಟು ನಿಂತಿತು.

ನಿಲ್ದಾಣದಲ್ಲಿ ಪಕ್ಕಕ್ಕೇ ಸಂಪಗಾಂವದ ಹೆಂಗಸೊಬ್ಬಳು, ದೊಡ್ಡಾಸ್ಪತ್ರೆಯವರು ಕೈಬಿಟ್ಟ ಗಂಡನನ್ನು ಹೆಗಲಿಗೆ ಒರಗಿಸಿಕೊಂಡು ಕೂತಿದ್ದಳು. ಅವನಿಗೂ ಕ್ಯಾನ್ಸರೇ. ಡಬ್ಬಿಯಲ್ಲೇನಿದೆ ಎಂದು ಕೇಳಿದಳು, ಹೇಳಿದೆ.

"ಮನಶ್ಯಾರದ ಅಂತೀರಿ, ಕ್ಯಾನ್ಸರಿಗೆ ಅಂತೀರಿ. ಇವರಿಗೊಂದೀಟು ಕೊಡ್ರಿ, ಅಣ್ಣಾರ."

"ಮನಶ್ಯಾರಿಗೆ ಕೊಡಂಗಿಲ್ರಿ, ಅಕ್ಕಾರ. ಇದನ್ನ ಇಟ್ಕೊಂಡು ಔಷಧ ಹುಡುಕೂದಷ್ಟ."

ಅವಳು ಗಂಡನನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. ಡಬ್ಬಿಯಿಂದ ನೀರು ಸೋರುವುದನ್ನು ಕಂಡು ಎದ್ದುಹೋದವಳು ಸೋಡಾ ಅಂಗಡಿಯಿಂದ ಸೆರಗಿನಲ್ಲಿ ಬರ್ಫ ತಂದು ಸುರಿದಳು.

"ಮುಂದಿನವರಿಗರ ಸಿಗಲಿ."

ಪ್ರೋಟೀನು ಕೆಡಲಿಲ್ಲ. ಅದರ ಮೇಲೆ ಕೆಲಸ ಮಾಡಿ ನನಗೆ ಡಾಕ್ಟರೇಟ್ ಬಂತು. ಔಷಧ ಮಾತ್ರ ಇನ್ನೂ ಬಂದಿಲ್ಲ.